ಕುಡಿತ ಬಿಡಿಸಲು ದುಡ್ಡಿಲ್ಲವೇ? ಯಶವಂತಪುರದಿಂದ ಹೀಗೆ ಹೊರಡಿ

ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಗಂಡನಿಗೋ ಮಗನಿಗೋ ಕುಡಿತ ಬಿಡಿಸಬೇಕು, ಖರ್ಚಿಗೆ ಹೆದರಿ ಕೂತಿದ್ದೀರಿ. ನಿಮಗಾಗಿಯೇ ಇದು. ನಿಮ್ಮ ಬೆನ್ನಿಗೆ ಒಂದು ಕಾಯ್ದೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಕುಡಿತ, ಮಾದಕ ವಸ್ತುಗಳಿಂದ ಬಂದ ಮನಸ್ಸಿನ ತೊಂದರೆಯೂ ಕಾಯಿಲೆಯೇ. ಬಡತನ ರೇಖೆಯ ಕೆಳಗಿನವರಿಗೆ ಸರ್ಕಾರ ನಡೆಸುವ ಮಾನಸಿಕ ಚಿಕಿತ್ಸಾ ಕೇಂದ್ರಗಳಲ್ಲಿ ಅದರ ಚಿಕಿತ್ಸೆ ಉಚಿತ, ಬಿಪಿಎಲ್ ಕಾರ್ಡ್ ಇರಲಿ, ಇಲ್ಲದಿರಲಿ.

ಹಂತ 1. ಮೊದಲು ಫೋನ್ ಮಾಡಿ. ವ್ಯಸನಮುಕ್ತಿಗೆ 14446, ಮನಸ್ಸಿನ ಯಾವುದೇ ತೊಂದರೆಗೆ ಟೆಲಿ ಮನಸ್ 14416. ಎರಡೂ ಉಚಿತ. ಮನೆಯವರೂ ಮಾತಾಡಬಹುದು.

ಹಂತ 2. ದಿನವೂ ಕುಡಿಯುವವರ ಬಾಟಲಿಯನ್ನು ಸಿಟ್ಟಿನಿಂದ ಕಿತ್ತುಕೊಂಡು ಕೋಣೆಯಲ್ಲಿ ಕೂಡಿಹಾಕಬೇಡಿ. ಒಮ್ಮೆಲೇ ನಿಂತರೆ ಒಂದೆರಡು ದಿನದೊಳಗೆ ಕೈ ನಡುಗುತ್ತದೆ, ಬೆವರುತ್ತದೆ, ಕೆಲವರಿಗೆ ಫಿಟ್ಸ್ ಬರುತ್ತದೆ. ಇಲ್ಲದ್ದು ಕಾಣುತ್ತದೆ, ಕೇಳುತ್ತದೆ. ಇದನ್ನು ಗಾಳಿ ಸೋಕಿದ್ದು ಎಂದುಕೊಂಡು ಹೊತ್ತು ಕಳೆದರೆ ಜೀವಕ್ಕೇ ಸಂಚಕಾರ. ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೆ ಕರೆದೊಯ್ಯಿರಿ. ಇನ್ನೊಂದು ಮಾತು: ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸುವ ಪುಡಿ, ಮಾತ್ರೆಗಳ ಸಹವಾಸ ಬೇಡವೇ ಬೇಡ. ಕೆಲವು ಮದ್ದುಗಳು ಮೇಲೆ ಹೆಂಡ ಬಿದ್ದರೆ ಪ್ರಾಣ ತೆಗೆಯುತ್ತವೆ.

ಹಂತ 3. ಆಧಾರ್, ರೇಷನ್ ಕಾರ್ಡ್, ಹಳೆಯ ಆಸ್ಪತ್ರೆ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳು, ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿ.

ಹಂತ 4. ಬೆಳಗ್ಗೆಯೇ ಹೊರಡಿ. ಯಶವಂತಪುರದಿಂದ ಹಸಿರು ಮಾರ್ಗದ ಮೆಟ್ರೋ ಹತ್ತಿ ಲಾಲ್‌ಬಾಗ್‌ನಲ್ಲಿ ಇಳಿದರೆ, ಹೊಸೂರು ರಸ್ತೆಯ ಸರ್ಕಾರಿ ಮಾನಸಿಕ ಆಸ್ಪತ್ರೆ ನಿಮ್ಹಾನ್ಸ್‌ಗೆ ಆಟೋ ಸಿಗುತ್ತದೆ. ವ್ಯಸನ ಚಿಕಿತ್ಸೆಗೆ ಅಲ್ಲಿ ಪ್ರತ್ಯೇಕ ಕೇಂದ್ರವೇ ಇದೆ. ಮನೆಯವರೊಬ್ಬರು ಜೊತೆಗಿರಲೇಬೇಕು.

ಹಂತ 5. ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ. ಔಷಧಿಯ ಪ್ರಮಾಣ ನಿಲ್ಲುವುದು ಇದರ ಮೇಲೆ. ಹಣ ಕಟ್ಟುವ ಮಾತು ಬಂದಾಗ ನಾಚಿಕೆಪಟ್ಟು ಸಾಲಕ್ಕೆ ಓಡಬೇಡಿ. ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕಂಡು, “ನಾವು ಕೂಲಿಯವರು, ಕಟ್ಟಲು ಆಗುವುದಿಲ್ಲ” ಎಂದು ನೇರವಾಗಿ ಹೇಳಿ. ನೀವು ಕೇಳುತ್ತಿರುವುದು ಹಕ್ಕನ್ನು, ಭಿಕ್ಷೆಯನ್ನಲ್ಲ.

ಹಂತ 6. ಮನೆಗೆ ಬಂದ ಮೇಲೆ ಮತ್ತೆ ತೋರಿಸುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕುಡಿತ ಬಿಡುವವರೇ ಸೇರಿ ನಡೆಸುವ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಿಗೆ ಶುಲ್ಕವಿಲ್ಲ, ಅಲ್ಲಿಗೂ ಕಳಿಸಿ. ನಡುವೆ ಒಂದು ದಿನ ಮತ್ತೆ ಕುಡಿದು ಬಂದರೆ ಬೈಯಬೇಡಿ. ಮರುದಿನ ಬೆಳಗ್ಗೆ ಅದೇ ಚೀಲ ಹಿಡಿದು, ಅದೇ ಮೆಟ್ರೋ ಹತ್ತಿ.