ದರ ಒಂದೇ ಇದ್ದ ಮಾತ್ರಕ್ಕೆ ಕಾರ್ಟೆಲ್ ಆಗದು

ಮನೆ ಕಟ್ಟಿಸುವವರು ನಾಲ್ಕು ಅಂಗಡಿಯಲ್ಲಿ ವಿಚಾರಿಸಿದರೂ ಸಿಮೆಂಟ್ ಮೂಟೆಯ ದರದಲ್ಲಿ ಐದೋ ಹತ್ತೋ ರೂಪಾಯಿ ಹೆಚ್ಚುಕಡಿಮೆ, ಅಷ್ಟೇ. ಒಂದು ಕಂಪನಿ ದರ ಏರಿಸಿದರೆ ಕೆಲವೇ ದಿನಗಳಲ್ಲಿ ಉಳಿದವೂ ಏರಿಸುತ್ತವೆ. ‘ಎಲ್ಲ ಒಳಗೊಳಗೇ ಸೇರಿಕೊಂಡಿದ್ದಾರೆ’ ಎಂಬ ಗುಮಾನಿ ಹುಟ್ಟುವುದು ಸಹಜ. ಆದರೆ ದೂರು ಕೊಡಲು ಹೊರಟವರು ಒಂದನ್ನು ತಿಳಿದಿರಬೇಕು. ಒಂದೇ ದರಕ್ಕೆ ಮಾರುವುದು ಕಾನೂನಿಗೆ ವಿರುದ್ಧವಲ್ಲ, ಹಾಗೆ ಮಾರೋಣವೆಂದು ಮಾತಾಡಿಕೊಳ್ಳುವುದು ವಿರುದ್ಧ.

ಮಾರುವವರು ನಾಲ್ಕೈದೇ ಜನ ಇರುವ ಕಡೆ ಒಬ್ಬರ ಕಣ್ಣು ಇನ್ನೊಬ್ಬರ ಮೇಲಿರುತ್ತದೆ. ನಾನು ಇಂದು ಇಳಿಸಿದರೆ ಅವನು ನಾಳೆ ಇಳಿಸುತ್ತಾನೆ, ಇಬ್ಬರಿಗೂ ನಷ್ಟ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಹಾಗಾಗಿ ಯಾರೂ ಇಳಿಸುವುದಿಲ್ಲ. ದೊಡ್ಡವನು ಏರಿಸಿದರೆ ಚಿಕ್ಕವರು ಹಿಂಬಾಲಿಸುತ್ತಾರೆ. ಇದಕ್ಕೆ ಸಭೆಯೂ ಬೇಡ, ಫೋನೂ ಬೇಡ. ಗ್ರಾಹಕರ ಜೇಬಿಗೆ ಕತ್ತರಿ ಬಿದ್ದರೂ ಇಷ್ಟಕ್ಕೇ ಕಾನೂನು ಕೈಹಾಕುವುದಿಲ್ಲ.

ಕೈಹಾಕುವುದು ಒಪ್ಪಂದ ಇದ್ದಾಗ. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಪ್ರತಿಸ್ಪರ್ಧಿಗಳು ಸೇರಿ ದರ ನಿಗದಿ ಮಾಡುವುದು, ಉತ್ಪಾದನೆ ಅಥವಾ ಪೂರೈಕೆ ತಗ್ಗಿಸುವುದು, ಊರು ಊರುಗಳನ್ನು ಹಂಚಿಕೊಳ್ಳುವುದು, ಟೆಂಡರ್‌ನಲ್ಲಿ ಒಳಸಂಚು ಮಾಡುವುದು ನಿಷಿದ್ಧ. ಇಂಥ ಕೂಟವೇ ಕಾರ್ಟೆಲ್. ಒಪ್ಪಂದ ಬರಹದಲ್ಲಿ ಇರಬೇಕೆಂದಿಲ್ಲ. ಬಾಯಿಮಾತಿನ ಹೊಂದಾಣಿಕೆಯೂ ಸಾಕು. ಒಪ್ಪಂದವಿತ್ತೆಂದು ಸಾಬೀತಾದರೆ ಮಾರುಕಟ್ಟೆಗೆ ಹಾನಿಯಾಗಿದೆ ಎಂದೇ ಕಾನೂನು ಭಾವಿಸುತ್ತದೆ. ಹಾನಿಯಾಗಿಲ್ಲ ಎಂದು ತೋರಿಸುವ ಹೊರೆ ಆಮೇಲೆ ಕಂಪನಿಗಳದ್ದು.

ಗೆರೆ ಎಲ್ಲಿದೆ ಎಂಬುದು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದರೆ ತಿಳಿಯುತ್ತದೆ. ಧಾನ್ಯಕ್ಕೆ ಹುಳು ಹಿಡಿಯದಂತೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಗಾಗಿ ಭಾರತೀಯ ಆಹಾರ ನಿಗಮ 2009ರಲ್ಲಿ ಟೆಂಡರ್ ಕರೆಯಿತು. ದೇಶದಲ್ಲಿ ಅದರ ತಯಾರಕರು ನಾಲ್ವರು. ಅವರಲ್ಲಿ ಮೂವರು ಕೆಜಿಗೆ 388 ರೂಪಾಯಿ ಎಂದೇ ಬರೆದರು. ಕಾರ್ಖಾನೆ ಬೇರೆ, ತಯಾರಿಕಾ ವೆಚ್ಚ ಬೇರೆ, ಅಂಕಿ ಮಾತ್ರ ಒಂದೇ. ಇದನ್ನು ಕಾಕತಾಳೀಯ ಎನ್ನಲು ನ್ಯಾಯಾಲಯ ಒಪ್ಪಲಿಲ್ಲ; ಕಂಪನಿಗಳು ತಪ್ಪಿತಸ್ಥವೆಂಬ ಭಾರತ ಸ್ಪರ್ಧಾ ಆಯೋಗದ ತೀರ್ಮಾನವನ್ನು 2017ರಲ್ಲಿ ಎತ್ತಿಹಿಡಿಯಿತು. ಮರುವರ್ಷ ಅಡುಗೆ ಅನಿಲದ ಸಿಲಿಂಡರ್ ತಯಾರಕರ ಪ್ರಕರಣ ಬಂತು. ಇಂಡಿಯನ್ ಆಯಿಲ್‌ಗೆ ಹತ್ತಾರು ಕಂಪನಿಗಳು ಕೊಟ್ಟ ದರಗಳಲ್ಲಿ ಅಲ್ಲೂ ಬಹಳಷ್ಟು ಒಂದೇ ಇದ್ದವು. ಆದರೆ ಕೊಳ್ಳುವವರು ಮೂರೇ ಸರ್ಕಾರಿ ತೈಲ ಕಂಪನಿಗಳು, ಅಳತೆ–ಗುಣಮಟ್ಟ ಎಲ್ಲ ಮೊದಲೇ ಗೊತ್ತುಮಾಡಿದ್ದು, ದರದ ಅಂದಾಜೂ ಎಲ್ಲರಿಗೂ ಇದ್ದದ್ದು. ಇಂಥ ಮಾರುಕಟ್ಟೆಯಲ್ಲಿ ಮಾತಾಡಿಕೊಳ್ಳದೆಯೂ ದರಗಳು ಹೊಂದಿಕೆಯಾಗಬಹುದು ಎಂದು ನ್ಯಾಯಾಲಯ ಆಯೋಗದ ದಂಡದ ಆದೇಶವನ್ನು ರದ್ದುಮಾಡಿತು.

ಹಾಗಾಗಿ ದೂರುದಾರರು ಬೆಲೆಪಟ್ಟಿಯ ಜತೆ ಇನ್ನೇನಾದರೂ ಹುಡುಕಬೇಕು. ಸಂಘದ ಸಭೆ ಮುಗಿದ ಕೂಡಲೇ ದರ ಏರಿತೇ? ಬೇಡಿಕೆ ಇರುವಾಗಲೇ ಕಾರ್ಖಾನೆಗಳು ಉತ್ಪಾದನೆ ಇಳಿಸಿದವೇ? ‘ಇದಕ್ಕಿಂತ ಕಡಿಮೆಗೆ ಕೊಡಬೇಡಿ’ ಎಂಬ ಸುತ್ತೋಲೆ, ವಾಟ್ಸ್ಆ್ಯಪ್ ಸಂದೇಶ ಇದೆಯೇ? ಸಿಮೆಂಟ್ ಪ್ರಕರಣ ನಿಂತಿದ್ದು ಇಂಥವುಗಳ ಮೇಲೆಯೇ. ಬಿಲ್ಡರ್‌ಗಳ ಸಂಘ 2010ರಲ್ಲಿ ದೂರು ಕೊಟ್ಟಿತು. ಭಾರತ ಸ್ಪರ್ಧಾ ಆಯೋಗ 2012ರಲ್ಲಿ 11 ಕಂಪನಿಗಳಿಗೂ ತಯಾರಕರ ಸಂಘಕ್ಕೂ 6,000 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ವಾದ ಕೇಳದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದಾರೆಂದು 2015ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ತಳ್ಳಿಹಾಕಿತು. ಆಯೋಗ 2016ರಲ್ಲಿ ಮತ್ತೆ ದಂಡ ವಿಧಿಸಿತು, 2018ರಲ್ಲಿ ಅದು ಊರ್ಜಿತವಾಯಿತು, ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ದೂರು ಕೊಡುವವರಿಗೆ ತಾಳ್ಮೆ ಎಷ್ಟು ಬೇಕೆಂದು ಬೇರೆ ಹೇಳಬೇಕಿಲ್ಲ.

ಒಳಗಿನವರೇ ಬಾಯಿಬಿಟ್ಟರೆ ಕೆಲಸ ಸುಲಭ. ಆಯೋಗಕ್ಕೆ ಮೊದಲು ಬಂದು ಉಪಯುಕ್ತ ಸಾಕ್ಷ್ಯ ಒದಗಿಸಿದ ಕಂಪನಿಗೆ ದಂಡದಲ್ಲಿ ಪೂರ್ಣ ಮಾಫಿಯೂ ಸಿಗಬಹುದು. ಬಿಯರ್ ಕಂಪನಿಗಳು ಸೇರಿ ದರ ನಿಗದಿ ಮಾಡಿದ ಪ್ರಕರಣದಲ್ಲಿ ಎಬಿ ಇನ್‌ಬೆವ್‌ಗೆ ಸಿಕ್ಕಿದ್ದು ಹೀಗೆಯೇ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ 2021ರಲ್ಲಿ ಸುಮಾರು 750 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 120 ಕೋಟಿ ರೂಪಾಯಿ ದಂಡ ಬಿತ್ತು. ಕೂಟದಲ್ಲಿದ್ದವನೇ ದಂಡವಿಲ್ಲದೆ ಪಾರಾಗುವುದು ನನಗಂತೂ ಕಹಿ ಅನಿಸುತ್ತದೆ, ಆದರೆ ಈ ಆಮಿಷವಿಲ್ಲದೆ ಒಡೆಯದ ಕೂಟಗಳೇ ಹೆಚ್ಚು.

ದೂರು ಕೊಡಲು ನೀವು ಸ್ವತಃ ನಷ್ಟ ಅನುಭವಿಸಿರಲೇಬೇಕೆಂದಿಲ್ಲ. ಯಾವ ವ್ಯಕ್ತಿಯೂ ಆಯೋಗಕ್ಕೆ ‘ಮಾಹಿತಿ’ ಸಲ್ಲಿಸಬಹುದು ಎಂದು ಓಲಾ–ಉಬರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಗ್ರಾಹಕರ ಸಂಘಟನೆಗಳಿಗೂ ಈ ಹಕ್ಕಿದೆ. ಕನ್ನಡದಲ್ಲಿ ಡಬ್ಬಿಂಗ್‌ಗೆ ಹಾಕಿದ್ದ ತಡೆಯನ್ನು ಪ್ರಶ್ನಿಸಿ ಆಯೋಗಕ್ಕೆ ಹೋದದ್ದು ಕನ್ನಡ ಗ್ರಾಹಕರ ಕೂಟ. 2015ರಲ್ಲಿ ಆಯೋಗ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ವಿಧಿಸಿತು. ಅರ್ಜಿಯಲ್ಲಿ ಯಾರ ವಿರುದ್ಧ, ಯಾವ ಅವಧಿ, ಏನು ನಡೆಯಿತು ಎಂದು ಬರೆದು ದಾಖಲೆಗಳನ್ನು ಲಗತ್ತಿಸಬೇಕು. ವ್ಯಕ್ತಿಗಳಿಗೆ ಶುಲ್ಕ 5,000 ರೂಪಾಯಿ. ವಕೀಲರು ಕಡ್ಡಾಯವಲ್ಲ. ಹೆಸರು ಗೋಪ್ಯವಾಗಿಡಲು ಲಿಖಿತವಾಗಿ ಕೋರಬಹುದು. 2023ರ ತಿದ್ದುಪಡಿಯ ನಂತರ ಘಟನೆಯಾದ ಮೂರು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ತಡವಾಗಿದ್ದರೆ ಸಕಾರಣ ತೋರಿಸಬೇಕು. ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಆಯೋಗ ಮಹಾನಿರ್ದೇಶಕರ ತನಿಖೆಗೆ ಆದೇಶಿಸುತ್ತದೆ. ಅನಿಸದಿದ್ದರೆ ಮುಚ್ಚುತ್ತದೆ, ಆಗ 60 ದಿನದೊಳಗೆ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಅಂಗಡಿಯವನು ಎಂಆರ್‌ಪಿಗಿಂತ ಹೆಚ್ಚು ಕಿತ್ತರೆ ಈ ದಾರಿ ಹಿಡಿಯಬೇಡಿ. ಅದು ಕಾನೂನು ಮಾಪನಶಾಸ್ತ್ರ ಇಲಾಖೆಗೆ ಹೋಗಬೇಕಾದ ದೂರು. ಇನ್ನು ಆಯೋಗದ ದಂಡ ಸರ್ಕಾರದ ಖಜಾನೆ ಸೇರುತ್ತದೆ, ದೂರುದಾರರಿಗಲ್ಲ. ಹೆಚ್ಚು ತೆತ್ತ ಹಣ ಮರಳಿ ಬೇಕೆಂದರೆ ತಪ್ಪು ಸಾಬೀತಾದ ಮೇಲೆ ಅದೇ ಮೇಲ್ಮನವಿ ನ್ಯಾಯಮಂಡಳಿಗೆ 53ಎನ್ ಸೆಕ್ಷನ್ ಅಡಿ ಪರಿಹಾರದ ಅರ್ಜಿ ಹಾಕಬೇಕು. ಒಂದೇ ರೀತಿ ನಷ್ಟವಾದ ಹಲವರು ಸೇರಿಯೂ ಹಾಕಬಹುದು. ನಿಮ್ಮ ಹೆಸರಿನ ರಸೀದಿ ಇಲ್ಲದೆ ನಷ್ಟದ ಲೆಕ್ಕ ತೋರಿಸುವುದು ಕಷ್ಟ, ಹಾಗಾಗಿ ಖರೀದಿಯ ಬಿಲ್ಲುಗಳನ್ನು ಮನೆ ಕಟ್ಟಿ ಮುಗಿದ ಮೇಲೂ ಎಸೆಯಬೇಡಿ.