ಹಾಲು ಮಾರುವವರ ಪ್ರಾಮಾಣಿಕತೆ



ವಸ್ತುವಿನ ಗುಣವನ್ನು ಇದ್ದ ಹಾಗೆ ಹೇಳಿ, ಸರಿಯಾದ ತೂಕ ಮತ್ತು ಅಳತೆ ಕೊಟ್ಟು, ನ್ಯಾಯವಾದ ಬೆಲೆಗೆ ಮಾರುವುದೇ ವ್ಯಾಪಾರದ ಪ್ರಾಮಾಣಿಕತೆ. ಕಳೆದ ವಾರ ತರಗತಿಯಲ್ಲಿ ಗುರುಗಳು "ವ್ಯಾಪಾರದಲ್ಲಿ ಮೋಸ ಮಾಡುವವರು ಯಾರು?" ಎಂದು ಕೇಳಿದರು. ನಾವೆಲ್ಲ ಒಟ್ಟಿಗೆ "ಅಂಗಡಿಯವರು ಸಾರ್" ಅಂದೆವು. ನಾನೂ ಅಂದೆ. ಆದರೆ ನನ್ನ ಎದೆ ಡವಡವ ಅಂತಿತ್ತು. ಯಾಕೆ ಅಂದರೆ ನಾನೂ ಒಮ್ಮೆ ಮೋಸ ಮಾಡಿದ್ದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಒಂದು ಹಸು ಇದೆ. ಬೆಳಿಗ್ಗೆ ನಾಲ್ಕು ಲೀಟರ್ ಹಾಲು ಕೊಡುತ್ತದೆ. ಡೈರಿಗೆ ಹಾಕುವ ಕೆಲಸ ನನ್ನದು. ಒಂದು ದಿನ ದಾರಿಯಲ್ಲಿ ಕಲ್ಲು ಎಡವಿ ಸುಮಾರು ಅರ್ಧ ಲೀಟರ್ ಹಾಲು ಚೆಲ್ಲಿಹೋಯಿತು. ಅಪ್ಪ ಬೈತಾರೆ ಅಂತ ಹೆದರಿ, ಬೋರ್‌ವೆಲ್ ಹತ್ತಿರ ಹೋಗಿ ಅಷ್ಟೇ ನೀರು ಹಿಡಿದು ಕ್ಯಾನಿಗೆ ಸುರಿದೆ. ಅಳತೆ ಸರಿಹೋಯಿತು. ಯಾರೂ ನೋಡಲಿಲ್ಲ ಅಂದುಕೊಂಡೆ.

ಡೈರಿ ಸೆಕ್ರೆಟರಿ ಮಾಮ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರು. ದಿನಾ 30 ಡಿಗ್ರಿ ಬರುತ್ತಿದ್ದದ್ದು ಅವತ್ತು 26 ಬಂತು. "ಏನಮ್ಮ, ಇವತ್ತು ಡಿಗ್ರಿ ಬರಲೇ ಇಲ್ವಲ್ಲ?" ಅಂದರು. ನಾನು "ಹಸು ಇವತ್ತು ನೀರು ಜಾಸ್ತಿ ಕುಡಿದಿದೆ ಮಾಮ" ಅಂದೆ. ಸಾಲಿನಲ್ಲಿ ನಿಂತವರೆಲ್ಲ ನಕ್ಕುಬಿಟ್ಟರು. ಹಾಲು ವಾಪಸ್ ಬಂತು.

ಇದು ಹೇಗೆ ಗೊತ್ತಾಗುತ್ತದೆ? ಒಂದು ಲೀಟರ್ ನೀರು 1000 ಗ್ರಾಂ ತೂಗಿದರೆ, ಒಂದು ಲೀಟರ್ ಹಾಲು ಸುಮಾರು 1030 ಗ್ರಾಂ ತೂಗುತ್ತದೆ. ಹಾಲಿನ ಸಾಂದ್ರತೆ ಹೆಚ್ಚು. ಆದ್ದರಿಂದ ಲ್ಯಾಕ್ಟೋಮೀಟರ್ ಒಳ್ಳೆ ಹಾಲಿನಲ್ಲಿ ಮೇಲೆ ತೇಲುತ್ತದೆ, ನೀರು ಬೆರೆತರೆ ಕೆಳಕ್ಕೆ ಮುಳುಗುತ್ತದೆ. ಮನೆಗೆ ಬಂದು ಲೆಕ್ಕ ಹಾಕಿದೆ. 30 ಡಿಗ್ರಿಯ ಮೂರೂವರೆ ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಸೇರಿದರೆ, 30 × 3.5 ÷ 4 = 26.25. ಮಾಮನ ಲೆಕ್ಕ ಸರಿಯಾಗೇ ಇತ್ತು!

ಕೆಲವರು ಕೆನೆ ತೆಗೆದು ಆಮೇಲೆ ನೀರು ಬೆರೆಸುತ್ತಾರಂತೆ. ಕೆನೆ ತೆಗೆದರೆ ಡಿಗ್ರಿ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಆಗ ಲ್ಯಾಕ್ಟೋಮೀಟರಿಗೆ ಮೋಸ ತಿಳಿಯದೆ ಇರಬಹುದು. ಅದಕ್ಕೇ ಡೈರಿಯಲ್ಲಿ ಕೊಬ್ಬಿನ ಅಂಶವನ್ನೂ, ಅಂದರೆ ಫ್ಯಾಟನ್ನೂ, ಪರೀಕ್ಷೆ ಮಾಡುತ್ತಾರೆ.

ಅಪ್ಪನಿಗೆ ನಿಜ ಹೇಳಿದೆ. ಅಪ್ಪ ಹೊಡೆಯಲಿಲ್ಲ. "ಚೆಲ್ಲಿದ್ದಕ್ಕೆ ಅರ್ಧ ಲೀಟರಿನ ದುಡ್ಡು ಹೋಗ್ತಿತ್ತು ಅಷ್ಟೇ ಕಣವ್ವ. ನೀರು ಹಾಕಿದ್ದಕ್ಕೆ ನಾಲ್ಕು ಲೀಟರೂ ಹೋಯ್ತು, ಹೆಸರೂ ಹೋಯ್ತು" ಅಂದರು. ಮಾರನೇ ದಿನ ನನ್ನ ಜೊತೆ ಬಂದು ಮಾಮನ ಮುಂದೆ ನನ್ನ ಬಾಯಿಂದಲೇ ನಿಜ ಹೇಳಿಸಿದರು. ಆದರೂ ಒಂದು ವಾರ ನಮ್ಮ ಹಾಲನ್ನು ಎರಡೆರಡು ಸಲ ಪರೀಕ್ಷೆ ಮಾಡಿದರು. ಆಗ ಅಪ್ಪ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ನನಗೆ ಬೈಗುಳಕ್ಕಿಂತ ಅದೇ ಹೆಚ್ಚು ನೋವಾಯಿತು.

ಡೈರಿಯಲ್ಲಿ ಎಲ್ಲರ ಹಾಲನ್ನೂ ಒಂದೇ ಕಡೆ ಸುರಿಯುತ್ತಾರೆ. ಒಬ್ಬರು ನೀರು ಹಾಕಿದರೆ ಪ್ರಾಮಾಣಿಕರ ಹಾಲೂ ಕೆಡುತ್ತದೆ. ಆ ಹಾಲನ್ನು ಪೇಟೆಯಲ್ಲಿ ಯಾವುದೋ ಚಿಕ್ಕ ಮಗು ಕುಡಿಯಬಹುದು. ನಾವು ಬೆರೆಸುವ ನೀರು ಕೊಳಕಾಗಿದ್ದರೆ ಅದಕ್ಕೆ ಕಾಯಿಲೆ ಬರುತ್ತದೆ. ಆ ಮಗುವಿನ ತಾಯಿ ನಮ್ಮನ್ನು ನೋಡಿಲ್ಲ, ಆದರೂ ನಂಬಿ ದುಡ್ಡು ಕೊಟ್ಟಿದ್ದಾಳೆ.

ನಾವು ಕೊಳ್ಳುವಾಗಲೂ ಎಚ್ಚರ ಬೇಕು. ಪೊಟ್ಟಣದ ಮೇಲೆ ತಯಾರಿಸಿದವರ ಹೆಸರು ಮತ್ತು ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಇದೆಯೇ ನೋಡಬೇಕು. ಆ ಬೆಲೆಗಿಂತ ಹೆಚ್ಚು ಕೇಳುವಂತಿಲ್ಲ. ತಕ್ಕಡಿ ಮತ್ತು ತೂಕದ ಬಟ್ಟುಗಳಿಗೆ ಸರಕಾರದ ಮುದ್ರೆ ಇರಬೇಕು. ಗ್ರಾಹಕರ ರಕ್ಷಣೆಗೆ 1986ರಲ್ಲಿ ಕಾಯ್ದೆ ಬಂತು. ಅದರ ಬದಲಿಗೆ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಾಯಿತು. ಡಿಸೆಂಬರ್ 24 ರಾಷ್ಟ್ರೀಯ ಗ್ರಾಹಕರ ದಿನ. ಮೋಸವಾದರೆ 1915 ನಂಬರಿಗೆ ಫೋನ್ ಮಾಡಿ ದೂರು ಹೇಳಬಹುದು.

ಸ್ನೇಹಿತರೇ, ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಹಾಲು, ತರಕಾರಿ, ತೆಂಗಿನಕಾಯಿ ಏನಾದರೂ ಮಾರುತ್ತಾರೆ. ಆದ್ದರಿಂದ ನಾವೂ ವ್ಯಾಪಾರಿಗಳೇ. ಬುಟ್ಟಿಯ ಮೇಲೆ ಒಳ್ಳೆ ಟೊಮೆಟೊ ಇಟ್ಟು ಕೆಳಗೆ ಕೊಳೆತದ್ದು ಹಾಕಿದರೆ ಅದೂ ಹಾಲಿಗೆ ನೀರು ಹಾಕಿದ ಹಾಗೇ. ಮುಂದಿನ ಸಲ ಗುರುಗಳು ಅದೇ ಪ್ರಶ್ನೆ ಕೇಳಿದರೆ, ಬರೀ "ಅಂಗಡಿಯವರು" ಅಂತ ನಾನು ಹೇಳುವುದಿಲ್ಲ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ