ಶೀಲವೂ ಸವಿನುಡಿಯೂ

ಶರಣಧರ್ಮದಲ್ಲಿ ಆಚಾರಕ್ಕೆ ಹಿರಿದಾದ ಸ್ಥಾನವುಂಟು. ಲಿಂಗಧಾರಿಯಾದ ಗೃಹಸ್ಥನು ಅನ್ನವನ್ನು ಲಿಂಗಕ್ಕೆ ಅರ್ಪಿಸಿ ಪ್ರಸಾದವೆಂದು ಸ್ವೀಕರಿಸತಕ್ಕವನಾದುದರಿಂದ, ಆಹಾರಶುದ್ಧಿಯಲ್ಲಿ ಅವನಿಗೆ ಎಚ್ಚರವಿರುವುದು ಯುಕ್ತವೇ ಆಗಿದೆ. ಆದರೆ ಆ ಎಚ್ಚರವು ಬಡಿಸುವವನ ಮೇಲಿನ ಕಾಠಿನ್ಯವಾಗಿ ಮಾರ್ಪಟ್ಟರೆ ಅದನ್ನು ಶೀಲವೆನ್ನಬಹುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಪರಸ್ಥಳಕ್ಕೆ ಹೋದ ಭಕ್ತನೊಬ್ಬನು ಹೋಟೆಲಿನಲ್ಲಿ ಊಟಕ್ಕೆ ಕುಳಿತನೆಂದು ಭಾವಿಸಬಹುದು. ಮಾಣಿಯು ತಂದಿಟ್ಟ ತಿನಿಸಿನಲ್ಲಿ ಮೊಟ್ಟೆ ಬೆರೆತಿರುವುದು ಅವನಿಗೆ ತಿಳಿದುಬಂದಿತು. ಕೂಡಲೇ ತಟ್ಟೆಯನ್ನು ನೂಕಿ, "ನಮ್ಮ ನೇಮದ ಹಿರಿಮೆ ನಿನ್ನಂಥವನಿಗೇನು ಗೊತ್ತು!" ಎಂದು ಎಲ್ಲರೆದುರು ಗದರಿದನು. ಮಾಣಿಯು ತಲೆ ತಗ್ಗಿಸಿ ನಿಂತನು. ಅವನು ಅನ್ಯಮತದವನು, ಅವನ ಮನೆಯಲ್ಲಿ ಆ ಆಹಾರವು ನಿಷಿದ್ಧವಲ್ಲ. ಅಡಿಗೆ ಮಾಡಿದವನೂ ಅವನಲ್ಲ. ಎದುರು ನುಡಿದರೆ ಅವನ ಕೆಲಸಕ್ಕೇ ಸಂಚಕಾರ.

ಬಸವಣ್ಣನವರು ಒಂದು ಪ್ರಸಿದ್ಧ ವಚನದಲ್ಲಿ ಏಳು ನಿಷೇಧಗಳನ್ನು ವಿಧಿಸಿ, ಒಳಹೊರಗಿನ ಶುದ್ಧಿಯೆಂದರೆ ಅದೇ ಎಂದು ಸಾರಿದ್ದಾರೆ. ಕಳವು, ಕೊಲೆ, ಸುಳ್ಳು ಎಂಬಿವು ಮೊದಲಿನ ಮೂರು. ಕೋಪ, ಪರರಲ್ಲಿ ಹೇಸಿಕೆ, ಆತ್ಮಪ್ರಶಂಸೆ, ಎದುರಿನವರ ನಿಂದೆ ಎಂಬಿವು ಉಳಿದ ನಾಲ್ಕು. ಮೇಲಿನ ಪ್ರಸಂಗವನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬೇಕು. ತಟ್ಟೆಯನ್ನು ನೂಕಿದುದು ಕೋಪ, ಬಡಿಸಿದವನನ್ನು ಕೀಳಾಗಿ ಕಂಡುದು ಹೇಸಿಕೆ, ತನ್ನ ನೇಮವನ್ನು ಮೆರೆಸಿದುದು ಆತ್ಮಪ್ರಶಂಸೆ, ಗದರಿದುದು ನಿಂದೆ. ಒಂದು ನೇಮವನ್ನು ಉಳಿಸಿಕೊಳ್ಳಹೊರಟವನು ಏಳರಲ್ಲಿ ನಾಲ್ಕನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಂಡನು!

ಹಾಗಾದರೆ ನೇಮವನ್ನು ಸಡಿಲಿಸಬೇಕೇ? ಎಂದಿಗೂ ಇಲ್ಲ. ವ್ರತವು ಹಿಡಿದವನದು, ಅದನ್ನು ಕಾಯುವ ಹೊಣೆಯೂ ಅವನದೇ. ಕುಳಿತೊಡನೆ, "ಇದರಲ್ಲಿ ಮೊಟ್ಟೆ, ಮಾಂಸ ಬೆರೆತಿಲ್ಲವಷ್ಟೆ, ಅಪ್ಪಾ?" ಎಂದು ವಿಚಾರಿಸಿಕೊಳ್ಳಬೇಕು. ವಿಚಾರಿಸದೆ ತರಿಸಿದ್ದು ತನಗೆ ಸಲ್ಲದಿದ್ದರೆ ಅದನ್ನು ಮೆಲ್ಲನೆ ಬದಿಗಿರಿಸಿ, ಅದರ ಬೆಲೆಯನ್ನು ತೆರತಕ್ಕದ್ದು. ವಿಚಾರಿಸಿಯೂ ತಪ್ಪು ನಡೆದಿದ್ದರೆ ಯಜಮಾನನಿಗೆ ಶಾಂತವಾಗಿ ತಿಳಿಸಬೇಕು. ನೇಮವೂ ಉಳಿಯುವುದು, ಬಡಿಸಿದವನ ಮಾನವೂ ಉಳಿಯುವುದು.

ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಹಡಪದ ಅಪ್ಪಣ್ಣನವರು ತಾಂಬೂಲದ ಸೇವೆಯವರು. ಮಡಿವಾಳ ಮಾಚಯ್ಯನವರು ಬಟ್ಟೆ ಮಡಿಮಾಡಿದವರು. ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು. ಪರರಿಗೆ ಸಲ್ಲಿಸುವ ಸೇವೆಯೇ ಇವರ ಕಾಯಕ. ಆ ಕಾಯಕವೇ ಇವರ ಹೆಸರಿಗೆ ಭೂಷಣವಾಯಿತು. ಹೀಗಿರಲು, ಇಂದು ಬಡಿಸುವ ಮಾಣಿ, ಅಂಗಡಿಯ ಗುಮಾಸ್ತೆ, ಬಸ್ಸಿನ ಕಂಡಕ್ಟರು ಯಾವ ಮತದವರಾದರೇನು? ಸತ್ಯವಾಗಿ ದುಡಿದರೆ ಅವರದೂ ಕಾಯಕವೇ. ಗೌರವದಿಂದ ಕರೆಯುವುದರಲ್ಲಿ ಸ್ವರ್ಗವನ್ನೂ ತುಚ್ಛವಾಗಿ ಕರೆಯುವುದರಲ್ಲಿ ನರಕವನ್ನೂ ಕಂಡ ಬಸವಣ್ಣನವರು, ಆ ಗೌರವವನ್ನು ಸ್ವಮತದವರಿಗೆ ಮಾತ್ರ ಮೀಸಲಿಡಲಿಲ್ಲ.

ವಚನಗಳನ್ನು ಎಂದೂ ಓದದ ಆ ಮಾಣಿಗೆ ಶರಣಧರ್ಮದ ಪರಿಚಯವಾಗುವುದು ತನ್ನೆದುರು ಕುಳಿತ ಲಿಂಗಧಾರಿಯ ನಡೆನುಡಿಗಳಿಂದಲೇ. ಭಕ್ತನಾದವನು ಹೊರಗೆ ಉಣ್ಣಲು ಕುಳಿತಾಗಲೆಲ್ಲ ಇದನ್ನು ನೆನೆಯತಕ್ಕದ್ದು.